ಒಂದು ಮೊರ ತೌಡು

ಮೊನ್ನೆ ಕಂಪ್ಲಿಗೆ ಹೋಗಿದ್ದೆ. ಪಿಂಚಣಿಯ ಒಂದು ಕಾಗದಕ್ಕೆ ನಾನು ಪಾಠ ಮಾಡಿದ ಹಳೆಯ ಶಾಲೆಯಲ್ಲಿ ಸಹಿ ಬೇಕಿತ್ತು. ಸಹಿ ಹಾಕುವವರು ರಜೆಯಲ್ಲಿದ್ದರು, ಆ ಸಂಕಟ ನಿಮಗೆ ಬೇಡ ಬಿಡಿ. ಬಸ್ ನಿಲ್ದಾಣದ ಕಡೆ ನಡೆದು ಬರುತ್ತಿದ್ದಾಗ ಅಕ್ಕಿ ಗಿರಣಿಯ ಗೋಡೆಯಾಚೆಯಿಂದ ಬಿಸಿ ತೌಡಿನ ವಾಸನೆ ಬಂತು. ಆಗತಾನೇ ಬಿದ್ದ ತೌಡಿನ ವಾಸನೆ ನಿಮಗೂ ಗೊತ್ತಿರಬಹುದು. ತುಸು ಸಿಹಿ, ತುಸು ಧೂಳು. ಉಳಿದವರಿಗೆ ಅದು ದನದ ಮೇವಿನ ವಾಸನೆ. ನನಗೆ ಮಾತ್ರ, ಅರವತ್ತು ದಾಟಿದ ಈ ವಯಸ್ಸಿನಲ್ಲೂ, ಎದೆಯಲ್ಲಿ ಹಾಲು ಇಳಿದಂತೆ ಜುಮ್ಮೆನ್ನುತ್ತದೆ. ನಗಬೇಡಿ, ನಿಜ ಹೇಳುತ್ತಿದ್ದೇನೆ.

ಒಳಗೆ ಹೋಗಿ ಒಂದು ಮೊರ ತುಂಬುವಷ್ಟು ತೌಡು ಬೇಕು ಎಂದೆ. ಗಿರಣಿಯ ಮಾಲೀಕ ಹತ್ತನೆಯ ತರಗತಿಯಲ್ಲಿ ನನ್ನ ಕೈಲಿ ವಿಜ್ಞಾನ ಕಲಿತು, ಅದರಲ್ಲೇ ಎರಡು ಸಲ ಫೇಲಾದವನು. ಈಗ ಹೊಟ್ಟೆ ಬಂದಿದೆ, ಕೂದಲು ಹೋಗಿದೆ, ಮರ್ಯಾದೆ ಮಾತ್ರ ಹಾಗೆಯೇ ಇದೆ.

"ಏನ್ರಿ ಮೇಡಂ, ಎಮ್ಮಿ ಕಟ್ಟೀರೇನು?" ಎಂದ.

"ಇಲ್ಲಪ್ಪ. ಮಗಳನ್ನ ಬಿಡಿಸ್ಕೊಂಡ್ ಬರಬೇಕು, ಅದಕ್ಕ" ಎಂದೆ.

ಅವನು ತಲೆ ಕೆರೆದುಕೊಂಡ. ರಿಟೈರಾದ ಮೇಲೆ ಮೇಡಂಗೆ ಏನೋ ಆಗಿದೆ ಎಂದುಕೊಂಡನೋ ಏನೋ, ಚೀಲ ತುಂಬಿ ಕೊಟ್ಟು ಬಸ್ಸಿನವರೆಗೂ ಆಳನ್ನು ಕಳಿಸಿದ. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಪಕ್ಕದ ಸೀಟಿನ ಹೆಂಗಸಿನ ಸೀರೆಗೆಲ್ಲ ತೌಡು ಹಾರಿ ಆಕೆ ಗದರಿದ್ದೂ ಆಯಿತು.

ಅವನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನಮ್ಮ ಕಡೆ ಒಂದು ಪದ್ಧತಿ ಇತ್ತು. ಮಕ್ಕಳು ನಿಲ್ಲದ ಮನೆಯಲ್ಲಿ ಕೂಸು ಹುಟ್ಟಿದರೆ ಅದನ್ನು ಮಾರಿಬಿಡುವುದು. ಗಾಬರಿಯಾಗಬೇಡಿ. ಮೊರದಲ್ಲಿ ಮಲಗಿಸಿ, ಹೆತ್ತ ಮಕ್ಕಳೆಲ್ಲ ಬದುಕಿ ಉಳಿದ ಹೆಂಗಸೊಬ್ಬಳಿಗೆ ಕೊಡುವುದು. ಬದಲಿಗೆ ಅವಳಿಂದ ಒಂದಿಷ್ಟು ತೌಡು ತೆಗೆದುಕೊಳ್ಳುವುದು. ತೌಡಿಗೆ ಹೋದ ಕೂಸು ಎಂದರೆ ಹೆತ್ತವರಿಗೇ ಬೇಡವಾದ ಕೂಸು. ಒಯ್ಯಲು ಬಂದ ಕೇಡು ಕೂಡ ಅದನ್ನು ನೋಡಿ ಮುಖ ತಿರುಗಿಸಿಕೊಂಡು ಹೋಗುತ್ತದೆ ಎಂಬ ನಂಬಿಕೆ. ಊರಿಗೊಬ್ಬ ತೌಡಪ್ಪ, ಕೇರಿಗೊಬ್ಬಳು ತಿಪ್ಪಮ್ಮ ಇರುವುದು ಇಂಥದ್ದರಿಂದಲೇ. ಚಿಕ್ಕವಳಿದ್ದಾಗ ಇದನ್ನು ಕೇಳಿ ನಕ್ಕವಳು ನಾನು. ಮುಂದೆ ವಿಜ್ಞಾನದ ಟೀಚರಾಗಿ, ಕರಿಹಲಗೆಯ ಮೇಲೆ ಗರ್ಭಕೋಶದ ಚಿತ್ರ ಬರೆದು, ಭಾಗಗಳನ್ನು ಗುರುತಿಸಿರಿ ಎಂದು ಪ್ರಶ್ನೆ ಕೊಟ್ಟವಳೂ ನಾನೇ.

ಆದರೆ ನನ್ನ ಮೊದಲನೆಯದು ಏಳು ತಿಂಗಳಿಗೇ ಹೊಟ್ಟೆಯಲ್ಲೇ ಹೋಯಿತು. ಎರಡನೆಯದು ಹುಟ್ಟಿ ಎರಡು ದಿನ ಇತ್ತು. ಮೊದಲನೆಯದಕ್ಕೆಂದು ನಾನು ಹಳದಿ ಉಲ್ಲನ್ನಿನ ಟೊಪ್ಪಿಗೆ ಹೆಣೆದಿಟ್ಟಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಯನ್ನು ಜನ ಆಡಿಕೊಂಡು ನಗುತ್ತಾರಲ್ಲ, ಇವತ್ತಿಗೂ ಅದು ಕಿವಿಗೆ ಬಿದ್ದರೆ ನನಗೆ ಸಿಟ್ಟು ಬರುತ್ತದೆ. ಮೂರನೆಯ ಸಲ ಬಸುರಾದಾಗ ನಾನು ಏನನ್ನೂ ಹೆಣೆಯಲಿಲ್ಲ, ಏನನ್ನೂ ಕೊಳ್ಳಲಿಲ್ಲ, ಹೆಸರನ್ನೂ ಯೋಚಿಸಲಿಲ್ಲ.

ತಾಯಿ ಇಲ್ಲದವಳಾದ್ದರಿಂದ ಬಾಣಂತನ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ಗಂಡನ ಮನೆಯಲ್ಲೇ ಆಯಿತು. ಗಂಡ ಸಂಡೂರಿನ ಗಣಿಯ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ವಾರಕ್ಕೊಮ್ಮೆ ಕೆಂಪು ಧೂಳು ಹೊತ್ತು ಬರುವವರು. ಹಾಗಾಗಿ ಮನೆಯಲ್ಲಿ ನಾನು, ಅತ್ತೆ, ಒಂದು ಎಮ್ಮೆ. ಹೆಣ್ಣು ಕೂಸು ಹುಟ್ಟಿ, ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಅತ್ತೆ ನನ್ನ ಹೊರಸಿನ ಪಕ್ಕ ಕುಳಿತು, "ನೋಡವ್ವ, ನಿನಗ ಸೇರಂಗಿಲ್ಲ, ಗೊತ್ತೈತಿ. ಆದ್ರ ಈ ಒಂದು ಮಾತಿಗೆ ಅಡ್ಡ ಬರಬ್ಯಾಡ" ಎಂದರು. ನಾನು ಗೋಡೆಯ ಕಡೆ ಮುಖ ಮಾಡಿ ಹೂಂ ಅಂದೆ. ಎರಡು ಕೂಸು ಕಳೆದುಕೊಂಡವಳ ವಿಜ್ಞಾನ ಅಷ್ಟೇ ಗಟ್ಟಿ ಇರುತ್ತದೆ.

ಕೊಳ್ಳಲು ಬಂದವಳು ಹುಲಿಗೆವ್ವ. ಕಡ್ಡಿರಾಂಪುರದವಳು. ನಲವತ್ತರ ಆಸುಪಾಸು, ಎತ್ತರದ ಆಳು, ಬಾಯಲ್ಲಿ ಸದಾ ಎಲೆಅಡಿಕೆ. ಬೆಳಗಿನ ಜಾವ ಬಾಳೆಎಲೆ ತರುವ ಟೆಂಪೊದಲ್ಲಿ ಹೊಸಪೇಟೆಗೆ ಬಂದು ಎರಡು ಮೂರು ಮನೆಯ ಬಾಣಂತಿ-ಕೂಸುಗಳಿಗೆ ನೀರು ಹಾಕಿ, ಮತ್ತೆ ಹೋಗಿ ಬಾಳೆ ತೋಟದಲ್ಲಿ ಕೂಲಿ ಮಾಡುತ್ತಿದ್ದಳು. ಆರು ಹೆತ್ತಿದ್ದಳು, ಆರೂ ಬದುಕಿದ್ದವು. ಅತ್ತೆಗೆ ಬೇಕಾಗಿದ್ದು ಅದೇ.

ಆ ವ್ಯಾಪಾರವನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಮೊರದಲ್ಲಿ ಹಳೆಯ ಸೀರೆ ಹಾಸಿ, ಕೂಸನ್ನು ಮಲಗಿಸಿ, ಅತ್ತೆ ಹೊಸ್ತಿಲ ಹೊರಗಿಟ್ಟರು.

"ಏನ್ರಿ ಅಮ್ಮಾರ, ಮಾರೂದೈತೇನು?" ಹುಲಿಗೆವ್ವ ಅಂಗಳದಿಂದ ಕೂಗಿದಳು.

"ಐತವ್ವ. ಯಾರಿಗೂ ಬ್ಯಾಡಾಗೈತಿ. ಕರ್ರಗೈತಿ, ಸಣಕಲೈತಿ, ಅಳೂದು ಬಿಟ್ರ ಏನೂ ಬರಂಗಿಲ್ಲ."

"ಹೌದ್ರಿ, ಮೂಗೂ ಚಪ್ಪಟಿ ಐತಿ. ಅರ್ಧ ಮೊರ ತೌಡು ಕೊಟ್ಟೇನು, ನೋಡ್ರಿ."

"ಅರ್ಧಕ್ಕ ಆಗಂಗಿಲ್ಲ. ಒಂದು ಮೊರ ಕೊಡಾಂಗಿದ್ರ ಎತ್ಕೊಂಡ್ ಹೋಗು, ಪೀಡಾ ಹೋಗ್ಲಿ."

ಹೀಗೆಲ್ಲ ಹಳಿಯಬೇಕು, ಅದೇ ಪದ್ಧತಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಗಿಲ ಹಿಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಹುಲಿಗೆವ್ವ ಚೀಲ ಬಿಚ್ಚಿ, "ಕಂಪ್ಲಿ ಗಿರಣೀದು ಐತ್ರಿ, ಹೊಟ್ಟು ಹುಡುಕಿದ್ರೂ ಸಿಗಂಗಿಲ್ಲ" ಎಂದು ಜಂಬದಿಂದ ತೌಡು ಸುರಿದಳು. ಕೂಸನ್ನೆತ್ತಿ ಎದೆಗೊತ್ತಿಕೊಂಡು ಮೂರು ಹೆಜ್ಜೆ ನಡೆದಳು. ಆಮೇಲೆ ತಿರುಗಿ ಬಂದು, "ಇನ್ನ ಇದು ನನ್ನ ಕೂಸು. ನನ್ನ ಮನ್ಯಾಗ ಆರು ಅದಾವ್ರಿ, ಜಾಗ ಇಲ್ಲ. ನಿಮ್ಮಲ್ಲೇ ಇಟ್ಟಿರ್ತೀನಿ, ಹಾಲು ಕುಡಿಸಿ ಸಾಕ್ರಿ" ಎಂದು ಅತ್ತೆಯ ಕೈಗೆ ಕೊಟ್ಟಳು.

ಅಲ್ಲಿಗೆ ನಾನು ನನ್ನ ಕೂಸಿನ ತಾಯಿಯ ಕೆಲಸದಿಂದ ವಜಾ ಆಗಿ ಸಾಕುವ ದಾದಿಯಾದೆ. ಆ ತೌಡನ್ನು ಅವತ್ತೇ ಸಂಜೆ ನಮ್ಮ ಎಮ್ಮೆ ತಿಂದು ಮುಗಿಸಿ ಇನ್ನೂ ಬೇಕು ಎಂಬಂತೆ ಗೋಣು ಹಾಕಿತು.

ಇದರ ಜೊತೆಗೊಂದು ಕಟ್ಟಳೆ ಇತ್ತು. ತೌಡು ವಾಪಸು ಕೊಟ್ಟು ಬಿಡಿಸಿಕೊಳ್ಳುವವರೆಗೆ ನಾನು ಬಾಯಿಬಿಟ್ಟು 'ನನ್ನ ಮಗಳು' ಎನ್ನುವಂತಿಲ್ಲ. ಕೇಳಿದವರಿಗೆ 'ಹುಲಿಗೆವ್ವನ ಕೂಸು' ಎನ್ನಬೇಕು. ಅತ್ತೆ ಅದನ್ನು ಎಷ್ಟು ಕಟ್ಟುನಿಟ್ಟಾಗಿ ನಡೆಸಿದರೆಂದರೆ, ಭಾನುವಾರ ಬಂದ ಗಂಡ ಕೂಡ ಕೈಕಾಲು ತೊಳೆದು, "ಹುಲಿಗೆವ್ವನ ಕೂಸು ಎಲ್ಲೈತಿ?" ಎಂದು ಕೇಳಿಕೊಂಡು ಒಳಗೆ ಬರುತ್ತಿದ್ದರು. ಅವರಿಗೆ ಅದೊಂದು ತಮಾಷೆ. ನನಗೆ ಅದು ತಮಾಷೆಯಾಗಿರಲಿಲ್ಲ.

ಹೊಸಪೇಟೆಯ ವೈಶಾಖ ನಿಮಗೆ ಗೊತ್ತಲ್ಲ. ಬೀದಿಯ ನಾಯಿ ಕೂಡ ಚರಂಡಿ ಬಿಟ್ಟು ಏಳದ ಬಿಸಿಲು. ಅದರಲ್ಲಿ ನನ್ನ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ತಲೆಗೆ ಕಿವಿ ಮುಚ್ಚುವಂತೆ ಬಟ್ಟೆ, ಹೊಟ್ಟೆಗೆ ಹಳೆಯ ಸೀರೆಯ ಬಿಗಿತ, ಊಟಕ್ಕೆ ಬೆಳ್ಳುಳ್ಳಿ ಮೆಣಸಿನ ಸಾರು. ಒಂದು ಗುಟುಕು ತಣ್ಣೀರು ಕೇಳಿದರೆ ಅತ್ತೆ ವಿಷ ಕೇಳಿದಂತೆ ನೋಡುತ್ತಿದ್ದರು. ಆದರೆ ಇದ್ಯಾವುದೂ ನಿಜವಾದ ಕಷ್ಟವಲ್ಲ. ಕಷ್ಟವೆಂದರೆ, ಕೂಸು ಬಾಯಿ ಹಾಕಿದರೆ ಪ್ರಾಣ ಹೋಗುವಷ್ಟು ನೋವು. ಮೊಲೆ ಒಡೆದು ರಕ್ತ ಬರುತ್ತಿತ್ತು. ಅದು ಅಳುವುದು, ನಾನು ಹಲ್ಲು ಕಚ್ಚುವುದು, ಅದಕ್ಕೆ ಹಾಲು ಸಾಲದೆ ಮತ್ತೆ ಅಳುವುದು. ಇನ್ನೊಂದನ್ನು ಹೇಳಲೋ ಬೇಡವೋ ಎಂದು ಇಷ್ಟು ವರ್ಷ ಅನುಮಾನಿಸಿದ್ದೇನೆ; ಈಗ ಹೇಳುತ್ತೇನೆ. ನನಗೆ ಆ ಕೂಸಿನ ಮೇಲೆ ಪ್ರೀತಿ ಬರುತ್ತಿರಲಿಲ್ಲ. ಭಯ ಬರುತ್ತಿತ್ತು. ಅದರ ಮುಖವನ್ನು ನೆಟ್ಟಗೆ ನೋಡುತ್ತಲೇ ಇರಲಿಲ್ಲ. ನೋಡಿ ಗುರುತು ಹಿಡಿದಿಟ್ಟುಕೊಂಡರೆ, ಇದೂ ಹೋದಾಗ ಏನು ಮಾಡಲಿ?

ಬೆಳಿಗ್ಗೆ ಹುಲಿಗೆವ್ವ ಬಂದರೆ ಮನೆಗೆ ಜೀವ ಬರುತ್ತಿತ್ತು. "ನನ್ನ ಕೂಸು ಹ್ಯಾಂಗೈತ್ರಿ ಇವತ್ತು?" ಎಂದು ಬೀದಿಯಿಂದಲೇ ಒದರಿಕೊಂಡು ಬರುವಳು. ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಮೊಣಕಾಲಿನ ಕೆಳಗೆ ಎರಡು ಕಾಲೂ ಕೂಡುವ ತಗ್ಗಿನಲ್ಲಿ ಕೂಸನ್ನು ಬೋರಲು ಹಾಕಿ, ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಕೈ ಅಡ್ಡ ಇಟ್ಟು ಕಣ್ಣಿಗೆ ಹೋಗದಂತೆ ತಲೆಗೆ ನೀರು ಹೊಯ್ಯುವಳು. ಲಾಲಿ ಗೀಲಿ ಏನೂ ಇಲ್ಲ, ಬರೀ ಬೈಗುಳ. "ಏ ತೌಡೀ, ಬಾಯಿ ಮುಚ್ಚಲೇ, ಊರ ಮಂದಿ ಏನಂದಾರು?" ಎಂದರೆ ಅದು ಅಳು ನಿಲ್ಲಿಸಿ ಕಣ್ಣರಳಿಸುತ್ತಿತ್ತು. ಆಮೇಲೆ ಸಾಂಬ್ರಾಣಿ ಹೊಗೆ ಹಿಡಿದು, ಕುಂಚಿಗೆ ಕಟ್ಟಿ ಕೊಟ್ಟರೆ ಮೂರು ತಾಸು ನಿದ್ದೆ. ನನ್ನ ಕೈಯಲ್ಲಿ ಎಂದೂ ಬಾರದ ನಿದ್ದೆ. ಕೆಲಸ ಮುಗಿದ ಮೇಲೆ ಅತ್ತೆ ಬಚ್ಚಲ ಗೂಡಿನಲ್ಲಿ ಅವಳಿಗೆಂದೇ ಇಟ್ಟಿದ್ದ, ಅಂಚು ನೆಗ್ಗಿದ ಚರಿಗೆಗೆ ಮೇಲಿನಿಂದ ಚಹಾ ಹೊಯ್ಯುತ್ತಿದ್ದರು. ಅವಳು ಹಿತ್ತಲ ಕಲ್ಲಿನ ಮೇಲೆ ಕುಳಿತು ಕುಡಿದು, ಚರಿಗೆ ತಾನೇ ತೊಳೆದಿಟ್ಟು ಹೋಗುತ್ತಿದ್ದಳು. ಇದು ದಿನವೂ ನನ್ನ ಕಣ್ಣ ಮುಂದೆಯೇ ನಡೆಯಿತು. ಟೀಚರಮ್ಮನಿಗೆ ಅದರಲ್ಲೇನೂ ಕಾಣಲಿಲ್ಲ.

ಇಪ್ಪತ್ತೆಂಟನೆಯ ದಿನ ಇರಬೇಕು. ಬೆಳಗಿನಿಂದ ಕೂಸು ನನ್ನ ಮಡಿಲಲ್ಲಿ ಅತ್ತೂ ಅತ್ತೂ ಕೆಂಪಾಗಿತ್ತು. ಹುಲಿಗೆವ್ವ ಬಂದು ಎತ್ತಿಕೊಂಡಳು, ಅದು ಗಪ್ಪನೆ ಸುಮ್ಮನಾಯಿತು. ಅವಳು ನಕ್ಕು, "ನೋಡ್ರಿ ಟೀಚರಮ್ಮ, ತನ್ನವ್ವ ಯಾರಂತ ಕೂಸಿಗೆ ಗೊತ್ತೈತಿ" ಎಂದಳು.

ನನಗೆ ಏನಾಯಿತೋ. "ಅವ್ವ ನಾನು!" ಎಂದು ಕಿರುಚಿದೆ. "ನೀ ನೀರು ಹಾಕಾಕ ಬರಾಕಿ. ನೀರು ಹಾಕಿ ಹೋಗು. ಕೂಸಿನ ಸುದ್ದಿಗೆ ಬರಬ್ಯಾಡ."

ಹುಲಿಗೆವ್ವ ಕೂಸನ್ನು ಬಚ್ಚಲಿಗೆ ಒಯ್ದಳು. ಅವತ್ತು ಬೈಗುಳವೂ ಇಲ್ಲದೆ ಕೂಸಿಗೆ ಎರೆದಳು, ಹೊಗೆ ಹಿಡಿದಳು, ಕುಂಚಿಗೆ ಕಟ್ಟಿ ನನ್ನ ಪಕ್ಕ ಮಲಗಿಸಿದಳು. ನನಗೂ ನೀರು ಹಾಕಿದಳು. ಚಹಾ ಮುಟ್ಟದೆ ಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅತ್ತೆಗೆ ಮೊಣಕಾಲು ನೋವು, ನೆಲಕ್ಕೆ ಕುಳಿತರೆ ಏಳಲು ಇಬ್ಬರು ಬೇಕು. ಬೇರೆಯವರನ್ನು ಕರೆಸೋಣವೆಂದರೆ, ಇನ್ನೊಬ್ಬಳು ಕೊಂಡ ಕೂಸಿಗೆ ಯಾರೂ ಕೈ ಹಚ್ಚಲೊಲ್ಲರು. ಮೂರನೆಯ ದಿನ ನಾನೇ ಹಾಕುತ್ತೇನೆಂದು ಹಟಕ್ಕೆ ಬಿದ್ದೆ. ಪುಸ್ತಕದಲ್ಲಿ ಓದಿದ್ದೆ, ಮೊಣಕೈ ಅದ್ದಿ ನೀರಿನ ಬಿಸಿ ನೋಡಬೇಕೆಂದು. ನೋಡಿದೆ. ಸರಿಯಾಗಿಯೇ ಇತ್ತು. ಆದರೆ ಎಣ್ಣೆ ಹಚ್ಚಿದ ಕೂಸು ಹೇಗೆ ಜಾರುತ್ತದೆ ಎಂಬುದನ್ನು ಆ ಪುಸ್ತಕ ಬರೆದ ಮಹಾನುಭಾವ ಬರೆದಿರಲಿಲ್ಲ. ತೊಡೆಯಿಂದ ಸರ್ರನೆ ಜಾರಿತು. ನಾನು ಒಂದು ತೋಳು ಹಿಡಿದು ಎಳೆದೆ. ನೆಲಕ್ಕೆ ಬೀಳಲಿಲ್ಲ, ಆದರೆ ಆ ಎಳೆ ತೋಳಿನ ಮೇಲೆ ನನ್ನ ನಾಲ್ಕು ಬೆರಳೂ ಕೆಂಪಗೆ ಮೂಡಿದವು. ಅಲ್ಲಿಂದ ಅದು ಹಾಲಿಗೆ ಬಾಯಿ ಹಾಕಲಿಲ್ಲ.

ಅತ್ತೆ ಬೈಯಲಿಲ್ಲ. "ಕೂಸಿನ ಒಡತಿ ಮುನಿಸ್ಕೊಂಡು ಕುಂತಾಳ. ಕೂಸು ಹ್ಯಾಂಗ ಹಾಲು ಕುಡೀತೈತಿ?" ಎಂದರು ಅಷ್ಟೇ.

ಬೇರೆ ದಿನವಾಗಿದ್ದರೆ ವಾದ ಮಾಡುತ್ತಿದ್ದೆ. ಅವತ್ತು ಆ ಮಾತು ಕೇಳಿ ಚಪ್ಪಲಿ ಹುಡುಕಿದೆ. ಎರಡು ದಿನ ಇದ್ದು ಹೋದ ಎರಡನೆಯದು ಕೂಡ ಹೋಗುವ ಮುಂಚೆ ಹಾಲು ಬಿಟ್ಟಿತ್ತು. ಹಸಿ ಬಾಣಂತಿ ನಲವತ್ತು ದಿನ ಹೊಸ್ತಿಲು ದಾಟಬಾರದು. ನಾನು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ದಾಟಿದೆ. ಅತ್ತೆ ಹಿಂದಿನಿಂದ, "ಕಿವಿ ಕಟ್ಕೊಳ್ಳೇ!" ಎಂದು ಕೂಗಿದ್ದು ಕೇಳಿತು. ಹೋಗಬೇಡ ಎನ್ನಲಿಲ್ಲ. ಆಟೊದವನು ನನ್ನನ್ನು ನೋಡಿ, "ದವಾಖಾನಿಗೇನ್ರಿ ಅಕ್ಕ?" ಎಂದ. "ಕಡ್ಡಿರಾಂಪುರಕ್ಕ ನಡೀರಿ, ಜಲ್ದಿ" ಎಂದೆ.

ಹುಲಿಗೆವ್ವ ಹಂಪಿ ರಸ್ತೆಗೆ ಹೊಂದಿಕೊಂಡ ತೋಟದಲ್ಲಿ ಬಾಳೆಯ ಬುಡದ ಹೆಚ್ಚಿನ ಮರಿಗಳನ್ನು ಕುಡುಗೋಲಿನಿಂದ ಸವರುತ್ತಿದ್ದಳು. ನನ್ನನ್ನು ಕಂಡವಳೇ ಕುಡುಗೋಲು ಬಿಸಾಡಿ ಓಡಿಬಂದಳು. ನಾನು ಕ್ಷಮೆ ಕೇಳುವ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅವಳು ಬಾಯಿ ತೆರೆಯಲು ಬಿಡಲಿಲ್ಲ.

"ಏ ಹುಚ್ಚೀ! ಹಸೀ ಮೈಯಾಗ ಗಾಳಿಗೆ ಬಂದೀಯಲ್ಲ, ನಿನಗೇನು ಬುದ್ಧಿ ಐತೋ ಇಲ್ಲೋ? ಕಿವಿ ಮುಚ್ಚು ಮದ್ಲ!"

ಅಲ್ಲಿಯವರೆಗೆ ಅವಳು ನನ್ನನ್ನು ಟೀಚರಮ್ಮ, ಬರ್ರಿ, ಕುಂದ್ರಿ ಎಂದೇ ಮಾತಾಡಿಸಿದ್ದು. ನೀನು ಎಂದಿದ್ದು ಅದೇ ಮೊದಲು. ನನ್ನವ್ವ ಸತ್ತ ಮೇಲೆ ನನಗೆ ಹಾಗೆ ಬೈದವರು ಯಾರೂ ಇರಲಿಲ್ಲ. ನಾನು ಅಲ್ಲೇ ಬದುವಿನ ಮೇಲೆ ಕುಸಿದು ಅಳತೊಡಗಿದೆ. "ನಿಮ್ಮ ಕೂಸು ಹಾಲು ಕುಡೀವಲ್ದು ಹುಲಿಗೆವ್ವ" ಎಂದೆ. "ತಪ್ಪಾತು. ನಿಮ್ಮದ ಅದು. ನೀವ ನೋಡ್ರಿ."

ಅವಳು ಕೂಸಿನ ತೋಳಿನ ಮೇಲಿನ ಬೆರಳ ಗುರುತು ನೋಡಿದಳು. ತೋಟದ ಪಕ್ಕದ ತನ್ನ ಮನೆಗೆ ಕರೆದುಕೊಂಡು ಹೋಗಿ, ಮೂರು ಕಲ್ಲಿನ ಒಲೆಗೆ ನೀರಿಟ್ಟು, ಬೆಂಕಿ ಊದುತ್ತ ಮಾತಾಡಿದಳು.

"ದಿನಾ ನನ್ನ ಕೂಸು ನನ್ನ ಕೂಸು ಅಂತ ಓಣಿ ತುಂಬ ಯಾಕ ಒದರ್ತಿದ್ದೆ ಅಂದ್ಕೊಂಡೀದಿ? ನಿನ್ನ ಹೊಟ್ಟಿ ಉರ್ಸಾಕೇನು? ನಿಮ್ಮನ್ಯಾಗ ಎರಡು ಕೂಸು ತಿಂದ ಕೇಡು ಎಲ್ಲೋ ಸುತ್ತಾಡ್ತಿರತೈತಿ. ಮೂರನೇದು ಬೇಕಂತ ಬಂದ್ರ, ಇದು ಹುಲಿಗೆವ್ವಂದು ಅಂತ ಅದರ ಕಿವಿಗೆ ಬೀಳಬೇಕು. ಬೇಕಾದ್ರ ನನ್ನ ಮನಿಗೆ ಬರಲಿ ಅಂತ."

"ನಿಮ್ಮನಿಗೆ ಬಂದ್ರ?" ಎಂದೆ. ನಿಜವಾಗಿ ಹೇಳುತ್ತೇನೆ, ಅಲ್ಲಿಯವರೆಗೆ ಆ ಪ್ರಶ್ನೆ ನನ್ನ ತಲೆಗೇ ಬಂದಿರಲಿಲ್ಲ.

"ಅದಕ್ಕ ದಿನಾ ಸಂಜಿಕ ಆರೂ ಮಕ್ಕಳನ್ನ ಸಾಲಾಗಿ ನಿಂದ್ರಿಸಿ ಉಪ್ಪು ಇಳಿಸಿ ಒಲಿಗೆ ಹಾಕ್ತೀನಿ. ನನಗೂ ಅಂಜಿಕಿ ಐತವ್ವ. ನಾನೂ ಹಡದಾಕಿ."

"ಮತ್ತ್ಯಾಕ ಕೊಂಡ್ರಿ?"

"ನಿಮ್ಮತ್ತಿ ಕೇಳಿದ್ರು. ತೌಡು ಹೊತ್ಕೊಂಡ್ ಬಂದ್ರೂ ಕಡೀಕ ಒಲ್ಲೆ ಅನ್ನೂಣಂತಿದ್ದೆ. ನೀ ಬಾಗಲ ಸಂದ್ಯಾಗ ನಿಂತು ಅಳೂದು ಕಾಣಿಸ್ತು. ಬಾಯಿ ಬರಲಿಲ್ಲ."

ನೀರು ಕಾಯಿತು. ಅವಳು ಅಂಗಳದ ಹಾಸುಗಲ್ಲಿನ ಮೇಲೆ ಗೋಡೆಗೊರಗಿಸಿ ನನ್ನನ್ನು ಕೂರಿಸಿದಳು, ತಾನು ಕೂರಲಿಲ್ಲ. "ಕಾಲು ಚಾಚು. ಸೀರಿ ಮ್ಯಾಲಕ್ಕ ತಗಿ. ಕೂಸು ಬಟ್ಟಿ ಮ್ಯಾಲ ಜಾರತೈತಿ, ತೊಗಲಿನ ಮ್ಯಾಲ ಜಾರಂಗಿಲ್ಲ." ನೋಡಿ, ಅಷ್ಟೇ ಗುಟ್ಟು. ಕೂಸನ್ನು ನನ್ನ ಬರಿಗಾಲಿನ ತಗ್ಗಿನಲ್ಲಿ ಇಟ್ಟಳು. ಅದರ ಹೊಟ್ಟೆಯ ಬಿಸಿ ನನ್ನ ಕಾಲಿಗೆ ತಾಗಿತು. ಅವಳು ನೀರು ಹೊಯ್ಯುತ್ತ ಹೋದಳು, ನಾನು ತಿಕ್ಕುತ್ತ ಹೋದೆ. "ಅಂಜಿ ಹಿಡೀಬ್ಯಾಡ. ಹಿಟ್ಟು ನಾದೂ ಹಂಗ ಹಿಡಿ. ಬೈಯಿ ಅದನ್ನ, ಸುಮ್ನ ಕುಂತ್ರ ಅದಕ್ಕೂ ಅಂಜಿಕಿ ಆಗತೈತಿ." ನನಗೆ ಬೈಗುಳ ಬರಲಿಲ್ಲ. "ಏ ತೌಡೀ" ಎಂದೆ ಮೆಲ್ಲಗೆ. ಕೂಸು ಅಳು ನಿಲ್ಲಿಸಿ, ಒದ್ದೆ ರೆಪ್ಪೆಯಲ್ಲಿ ನನ್ನ ಕಡೆ ನೋಡಿ, ಸೀನಿತು. ಮೂಗು ಚಪ್ಪಟೆ. ಎಡಗಿವಿಯ ಹಿಂದೆ ಸಣ್ಣ ಮಚ್ಚೆ. ಮೂವತ್ತೊಂದು ದಿನವಾದ ಮೇಲೆ ನಾನು ನನ್ನ ಮಗಳನ್ನು ನೋಡಿದೆ. ಹೋಗುವುದಿದ್ದರೆ ಹೋಗಲಿ, ಇರುವಷ್ಟು ಹೊತ್ತು ನಾನು ಇವಳನ್ನು ನೋಡುತ್ತೇನೆ ಅನ್ನಿಸಿತು. ಎಷ್ಟು ಪ್ರೀತಿ ಬಂತೆಂದರೆ ನನಗೆ ನಾಚಿಕೆಯಾಯಿತು.

ಒರೆಸಿ ಎದೆಗಿಟ್ಟುಕೊಂಡೆ. ಕುಡಿಯಿತು. ನೋವೇನೂ ಕಮ್ಮಿ ಇರಲಿಲ್ಲ, ಸುಳ್ಳು ಹೇಳುವುದಿಲ್ಲ.

ಹುಲಿಗೆವ್ವ ಒಲೆಯ ಮೇಲೆ ಚಹಾ ಇಟ್ಟವಳು ಒಮ್ಮೆಲೇ ನಿಂತು, "ಚಾ ಕುಡೀತೀರೇನ್ರಿ ನಮ್ಮನ್ಯಾಗ?" ಎಂದಳು. ಮತ್ತೆ ಬಹುವಚನ. ಅವಳ ಕೈಯಲ್ಲಿ ಸ್ಟೀಲಿನ ಲೋಟ ಇತ್ತು. ಆಗ ನನಗೆ ನಮ್ಮ ಬಚ್ಚಲ ಗೂಡಿನ ಚರಿಗೆ ನೆನಪಾಯಿತು. ಕೂಸನ್ನು ಕೊಡಬಹುದಾದವಳಿಗೆ ನಾವು ಒಂದು ಲೋಟ ಕೊಟ್ಟಿರಲಿಲ್ಲ. "ಕೊಡ್ರಿ" ಎಂದು ಕೈ ಚಾಚಿದೆ. ಬೆಲ್ಲದ ಚಹಾ, ಹೊಗೆ ವಾಸನೆ. ಬಿಸಿಬಿಸಿಯಾಗಿ ಪೂರ್ತಿ ಕುಡಿದೆ.

ಮರುದಿನ ಅವಳು ನಮ್ಮ ಮನೆಗೆ ಬಂದಾಗ ನಾನೇ ಎದ್ದು ಒಳಗಿನ ಲೋಟದಲ್ಲಿ ಚಹಾ ತಂದು ಪಡಸಾಲೆಯಲ್ಲಿ ಕೊಟ್ಟೆ. ಅತ್ತೆ ನೋಡುತ್ತಿದ್ದರು. ಈಗ ಶುರುವಾಗುತ್ತದೆ ಎಂದು ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ತಯಾರಾಗಿ ನಿಂತೆ. ಅತ್ತೆ, "ಅರಿಬೀಲೆ ಹಿಡ್ಕೊಳ್ಳೇ ಹುಲಿಗೆವ್ವ, ಲೋಟ ಸುಡತೈತಿ" ಎಂದರು. ಆ ಚರಿಗೆ ಆಮೇಲೆ ಎಮ್ಮೆಗೆ ಔಷಧ ಕುಡಿಸಲು ಹೋಯಿತು.

ಹೆಸರಿಡುವಾಗ ಮಗಳಿಗೆ ಪಲ್ಲವಿ ಎಂದಿಟ್ಟೆವು. ಹುಲಿಗೆವ್ವನಿಗೆ ಮಾತ್ರ ಅವಳು ತೌಡಿಯೇ. ಬಿಡಿಸಿಕೊಳ್ಳುವ ಶಾಸ್ತ್ರ ಮೊದಲ ಹುಟ್ಟುಹಬ್ಬಕ್ಕೆ ಎಂದಿತ್ತು. ಅವಳೇ, "ಒಂದು ವರ್ಷ ತಡೀರಿ, ದಡಾರ ಗಿಡಾರ ಬಂದು ಹೋಗಲಿ" ಎಂದಳು. ಮರುವರ್ಷ ಮಗಳಿಗೆ ಜೋರು ಜ್ವರ ಬಂದು ಆಸ್ಪತ್ರೆಯಲ್ಲಿ ಐದು ದಿನ ಇಟ್ಟರು, ಗುಣವಾಯಿತು. ಅದೇ ವಾರ ಹುಲಿಗೆವ್ವನ ಮೂರನೆಯ ಮಗ ಬಾಳೆ ಲಾರಿಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ಯಾವ ತರಗತಿಯಲ್ಲಾದರೂ ನಿಂತು ಹೇಳಬಲ್ಲೆ. ಆದರೂ ಅವನ ಕಾಲಿನ ಪ್ಲಾಸ್ಟರ್ ನೋಡಿ ನನಗೆ ಅವಳ ಮುಖ ನೋಡಲಾಗಲಿಲ್ಲ. ಅವಳು, "ಜೀವಕ್ಕ ಬಂದದ್ದು ಕಾಲಿಗೆ ಹೋತು, ಬಿಡ್ರಿ" ಎಂದು ಎಲೆಅಡಿಕೆ ಮಡಿಚಿ ಬಾಯಿಗಿಟ್ಟುಕೊಂಡಳು. ಆಮೇಲೆ ಅತ್ತೆ ಹೋದರು. ಮಗಳು ಶಾಲೆ, ಕಾಲೇಜು, ಮದುವೆ ಎಂದು ದೊಡ್ಡವಳಾದಳು. ತೌಡು ಹಾಗೆಯೇ ಉಳಿಯಿತು.

ಈಗ ಪಲ್ಲವಿ ಬಸುರಿ, ಎಂಟು ತುಂಬಿ ಒಂಬತ್ತರಲ್ಲಿ ಬಿದ್ದಿದೆ. ಬಾಣಂತನಕ್ಕೆ ಬಂದಿದ್ದಾಳೆ. ಹೋದ ವಾರ ನನ್ನ ನಾದಿನಿ ಫೋನ್ ಮಾಡಿ, "ವೈನೀ, ಆಕೀನ್ನ ಬಿಡಿಸ್ಕೊಂಡೀರೋ ಇಲ್ಲ? ಹಂಗ ಬಿಟ್ರ ಹುಟ್ಟೂ ಕೂಸೂ ಅವರದ ಆಗತೈತಿ, ನೋಡ್ರಿ" ಎಂದು ಹೆದರಿಸಿದಳು. ನಾನು ಹೆದರಿದ್ದು ಅದಕ್ಕಲ್ಲ. ಇಪ್ಪತ್ತಾರು ವರ್ಷ ಒಬ್ಬಳು ನನ್ನ ಮಗಳ ಕೇಡನ್ನೆಲ್ಲ ತನ್ನ ಹೆಸರಿಗೆ ಬರೆಸಿಕೊಂಡು ಕುಳಿತಿದ್ದಾಳೆ. ನಾನು ಪಿಂಚಣಿ ಕಾಗದಕ್ಕೆ ಓಡಾಡಿದಷ್ಟೂ ಇದಕ್ಕೆ ಓಡಾಡಿಲ್ಲ. ಅದಕ್ಕೇ ಕಂಪ್ಲಿ ಗಿರಣಿಯ ಮುಂದೆ ನಿಂತಿದ್ದು. ಅವಳು ಕೊಟ್ಟಿದ್ದು ಅಲ್ಲಿಯ ತೌಡೇ ತಾನೇ.

ನಿನ್ನೆ ಮಗಳನ್ನು ಕರೆದುಕೊಂಡು ಕಡ್ಡಿರಾಂಪುರಕ್ಕೆ ಹೋದೆ. ಹುಲಿಗೆವ್ವ ಈಗ ಎಪ್ಪತ್ತರ ಹತ್ತಿರ. ಕಣ್ಣಿಗೆ ಪೊರೆ ಬಂದಿದೆ, ಚಾಚಿದ ಕಾಲು ಮಡಿಚಲು ಬರುವುದಿಲ್ಲ. ಸೊಸೆ ಹಂಪಿಯಲ್ಲಿ ಎಳನೀರು ಮಾರಲು ಹೋಗಿದ್ದಳು. ಹುಲಿಗೆವ್ವ ಹೊಸ್ತಿಲಲ್ಲೇ ಕುಳಿತು ಪಲ್ಲವಿಯ ಹೊಟ್ಟೆಯ ಮೇಲೆ ಕೈಯಾಡಿಸಿ, "ಏ ತೌಡೀ, ಕೆಳಗ ಇಳಿದೈತಿ, ಹದಿನೈದು ದಿನ ಭಾಳಾತು" ಎಂದಳು. ನಾನು ಮೊರಕ್ಕೆ ತೌಡು ಸುರಿದು ಅವಳ ಮುಂದಿಟ್ಟೆ.

ಬೊಗಸೆ ಹಾಕಿ ನೋಡಿದಳು. ಮೂಸಿದಳು. "ಕಂಪ್ಲೀದು?" ಎಂದಳು.

"ಹೌದು. ಬಿಡಿಸ್ಕೊಂಡ್ ಹೋಗಾಕ ಬಂದೀನಿ ಹುಲಿಗೆವ್ವ. ಇಷ್ಟು ವರ್ಷ ಹೊತ್ತದ್ದು ಸಾಕು. ಇನ್ನ ನನ್ನ ಮ್ಯಾಲ ಬರಲಿ."

ಅವಳು ಮೊರವನ್ನು ಮೆಲ್ಲಗೆ ನನ್ನ ಕಡೆ ತಳ್ಳಿದಳು. "ಟೀಚರಾದ್ರೂ ನಿನಗ ಬುದ್ಧಿ ಬರಲಿಲ್ಲ ನೋಡು. ಹೆರಿಗಿ ಮುಂದ ಇಟ್ಕೊಂಡು ಬಿಡಿಸ್ಕೋತಾರೇನು? ಹೊಳಿ ದಾಟ್ಸಾಕ ಕೈ ಹಿಡ್ಕೊಂಡಾಕಿ ನಟ್ಟ ನಡುವ ಬಿಡ್ತಾಳೇನು? ಎರಡು ಜೀವ ಬ್ಯಾರೆ ಆಗಲಿ, ಕೂಸಿಗೆ ನೀರು ಬೀಳಲಿ. ಅಲ್ಲೀತನ ನಂದ ಇರಲಿ."

"ನಿಮ್ಮನ್ಯಾಗೂ ಮಕ್ಕಳದಾವಲ್ಲ" ಎಂದೆ.

"ಮೊಮ್ಮಕ್ಕಳು ಹನ್ನೊಂದು. ಉಪ್ಪು ಸ್ವಲ್ಪ ಜಾಸ್ತಿ ಬೇಕಾಗತೈತಿ" ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಇನ್ನೂ ಇಳಿಸುತ್ತಾಳೆ ಎಂದಾಯಿತು. ಇಪ್ಪತ್ತಾರು ವರ್ಷ, ದಿನಾ ಸಂಜೆ. ಬರುವಾಗ ಆ ಹನ್ನೊಂದು ಮಕ್ಕಳ ಹೆಸರನ್ನೂ ಒಂದೊಂದಾಗಿ ಕೇಳಿಕೊಂಡೆ. ಅವಳು ಯಾಕೆ ಎಂದು ಕೇಳಲಿಲ್ಲ, ಹೇಳಿದಳು.

ತೌಡಿನ ಚೀಲ ಹಿಡಿದು ಮನೆಗೆ ಬಂದರೆ ಪಕ್ಕದ ಮನೆಗೆ ಹೊಸದಾಗಿ ಬಂದವರು ಗೇಟಿನಲ್ಲಿ ನಿಂತಿದ್ದರು. "ಮಗಳು ಬಂದಾಳಂತಲ್ರಿ?" ಎಂದರು.

"ಹೂಂನ್ರಿ" ಎಂದೆ ಗಟ್ಟಿಯಾಗಿ, ಓಣಿಗೆ ಕೇಳುವಂತೆ. "ಹುಲಿಗೆವ್ವನ ಮಗಳು. ಬಾಣಂತನಕ್ಕ ಬಂದಾಳ."

ಸಂಜೆ ದೀಪ ಹಚ್ಚಿದ ಮೇಲೆ ಅಡುಗೆಮನೆಯಲ್ಲಿ ಕಲ್ಲುಪ್ಪು ಹಿಡಿದು ನಿಂತೆ. ಕಡ್ಡಿರಾಂಪುರ ಯಾವ ದಿಕ್ಕಿಗೆ ಬರುತ್ತದೆ ಎಂದು ಲೆಕ್ಕ ಹಾಕಿ ಆ ಕಡೆ ತಿರುಗಿ, ಒಂದೊಂದು ಹೆಸರು ಹೇಳಿ ಇಳಿಸಿ ಗ್ಯಾಸಿನ ಉರಿಗೆ ಹಾಕತೊಡಗಿದೆ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ಕೈ. ಉಪ್ಪು ಚಟಚಟ ಸಿಡಿದು ಒಲೆಯೆಲ್ಲ ಹಾಳಾಯಿತು. ಸದ್ದಿಗೆ ಪಲ್ಲವಿ ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಳು.

"ಯಾರಿಗವ್ವಾ ದೃಷ್ಟಿ?"

"ನಿನ್ನ ಅಣ್ಣಂದಿರ ಮಕ್ಕಳಿಗೆ" ಎಂದೆ.

ಅವಳು ಯಾರ್ಯಾರದಾಯಿತು ಎಂದು ನನ್ನಿಂದ ಹೇಳಿಸಿ ಬೆರಳು ಮಡಿಚಿ ಎಣಿಸಿದಳು. ಆಮೇಲೆ, "ಹತ್ತಾತು ನೋಡವ್ವ, ಕಡೀಕಿಂದು ಬಿಟ್ಟಿ" ಎಂದು ಉಪ್ಪಿನ ಡಬ್ಬಿ ತಂದು ಕೈಗೆ ಕೊಟ್ಟಳು.